ಹತ್ತರವರೆಗೆ ಎಣಿಸುವುದು

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಹೇಳುವುದೆಲ್ಲ ಈ ಒಂದು ಕೊರತೆಯ ಕಥೆಯೇ. ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಮೇಲಿದ್ದಾಗಲೂ ಮಾತಾಡುತ್ತಿರುತ್ತೇನೆ. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿದ ಮೇಲೆ ಕೈಸನ್ನೆಯಲ್ಲಿ ಮುಂದುವರಿಸಿದ್ದೂ ಉಂಟು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಅಂದರೆ ಮಾತಾಡುವುದಕ್ಕೇ ಸಂಬಳ ತೆಗೆದುಕೊಂಡೆ.

ಪಾಠಕ್ಕಿಂತ ಹೆಚ್ಚಾಗಿ ನನಗೆ ಹೆಸರು ತಂದದ್ದು ಭಾಷಣ ಸ್ಪರ್ಧೆ ಮತ್ತು ಶಾಲಾ ನಾಟಕ. ಮಕ್ಕಳು ವೇದಿಕೆಯ ಮೇಲೆ ತಡವರಿಸಿದರೆ ಪರದೆಯ ಪಕ್ಕದಿಂದ ಮುಂದಿನ ಮಾತು ಹೇಳಿಕೊಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮಗು ಮರೆಯುವ ಮೊದಲೇ, ಈಗ ಮರೆಯುತ್ತದೆ ಎಂದು ಅದರ ಕಣ್ಣಿನಲ್ಲೇ ಕಂಡುಹಿಡಿಯುತ್ತಿದ್ದೆ. ಒಂದು ವಾರ್ಷಿಕೋತ್ಸವದಲ್ಲಿ ರಾಜನ ಪಾತ್ರಧಾರಿಗಿಂತ ನನ್ನ ದನಿಯೇ ಚೆನ್ನಾಗಿ ಕೇಳಿಸಿತೆಂದು ಪೋಷಕರೊಬ್ಬರು ದೂರಿದರು. ನಾನದನ್ನು ಹೊಗಳಿಕೆಯೆಂದೇ ತಿಳಿದೆ.

ಇಂಥವನ ಮೊಮ್ಮಗಳು ಇಂಚರ. ನಿಘಂಟು ತೆಗೆದು, ಇಂಪಾದ ದನಿ ಎಂಬ ಅರ್ಥ ಮೆಚ್ಚಿ, ಆ ಹೆಸರಿಟ್ಟವನೂ ನಾನೇ. ಅವಳಿಗೀಗ ಐದು ವರ್ಷ. ಮಾತು ಬಂದಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿದ ದಿನ ಮಗಳು ಲತಾ, ನಾನು, ಮಗು ರಾಜೀವನಗರದ ಮನೆಗೆ ಆಟೋದಲ್ಲಿ ವಾಪಸಾದೆವು. ದಾರಿಯುದ್ದಕ್ಕೂ ನಾನು ಕೂಡ ಬಾಯಿ ತೆರೆಯಲಿಲ್ಲ. ಇಂಚರ ಮಾತ್ರ ಸೀಟಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ ಸಮಾಧಾನವಾಗಿದ್ದಳು.

ಊರ ಮಕ್ಕಳಿಗೆಲ್ಲ ಮಾತು ಕಲಿಸಿದೆನೆಂದು ಬೀಗಿದವನಿಗೆ, ಸ್ವಂತ ಮೊಮ್ಮಗಳು ಒಂದೇ ಒಂದು ಸಲ 'ತಾತ' ಎನ್ನಲಿ ಎಂಬ ಆಸೆ ಎಷ್ಟಿದ್ದೀತು, ನೀವೇ ಊಹಿಸಿ. ಆ ಆಸೆಯಲ್ಲಿ ಒಂದು ತಿಂಗಳು, ಲತಾಗೆ ಗೊತ್ತಾಗದಂತೆ, ಜೇನಿನಲ್ಲಿ ಬಜೆ ತೇಯ್ದು ಮಗುವಿನ ನಾಲಿಗೆಗೆ ಸವರಿದೆ. ನಮ್ಮಮ್ಮ ನನಗೂ ಹಾಗೇ ಸವರಿದ್ದಳಂತೆ. ಪ್ರಮಾಣ ಸ್ವಲ್ಪ ಜಾಸ್ತಿಯಾಗಿರಬೇಕು ಎಂದು ನನ್ನ ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು.

ವಿಜಯನಗರದ ಒಂದು ಮನೆಯ ಮಹಡಿಯಲ್ಲಿ ಫಿಲೋಮಿನಾ ಎಂಬುವರು ಇಂಥ ಮಕ್ಕಳಿಗೆ ಸ್ಪೀಚ್ ಥೆರಪಿ ಕೊಡುತ್ತಾರೆ. ಲತಾ, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗುವವನು ನಾನು. ಬಜೆಯ ವಿಷಯ ಒಪ್ಪಿಕೊಂಡಾಗ ಅವರು ಬೈಯಲಿಲ್ಲ. "ನಾಲಿಗೆ ಚೆನ್ನಾಗೇ ಇದೆ ಸರ್. ಮಾತು ಅಂದ್ರೆ ನಾಲಿಗೆ ಒಂದೇ ಅಲ್ವಲ್ಲ" ಎಂದರು.

ಶಬ್ದ ಮೊದಲೋ ಅರ್ಥ ಮೊದಲೋ ಎಂದು ನಮ್ಮ ಹಳೆಯ ಪಂಡಿತರು ಜಗಳವಾಡಿದ್ದನ್ನು ನಾನು ತರಗತಿಯಲ್ಲಿ ಎರಡೂ ಪಕ್ಷ ವಹಿಸಿ ವಿವರಿಸಿದ್ದೇನೆ. ಶಬ್ದವಿಲ್ಲದೆ ಬರೀ ಅರ್ಥ ಇಟ್ಟುಕೊಂಡ ಮಗುವೊಂದು ನನ್ನ ಮನೆಯಲ್ಲೇ ಕೂತೀತೆಂದು ಆಗ ಹೊಳೆದಿರಲಿಲ್ಲ. ಋಷಿ ಸುಮ್ಮನಿದ್ದರೆ ಮೌನ ಎಂದು ಕೈಮುಗಿಯುತ್ತೇವೆ. ಐದು ವರ್ಷದ ಹುಡುಗಿ ಸುಮ್ಮನಿದ್ದರೆ ಜನರ ಹತ್ತಿರ ಇರುವುದು ಬೇರೆ ಪದ. ಸಿಟಿ ಬಸ್ಸಿನಲ್ಲಿ ಒಮ್ಮೆ ಅದನ್ನು ಕೇಳಿಸಿಕೊಂಡೆ; ಎದೆಗೆ ಚುಚ್ಚಿದ್ದು ಇನ್ನೂ ಹೋಗಿಲ್ಲ.

ಫಿಲೋಮಿನಾ ಅವರ ಕ್ರಮ ಸರಳ. ನೀರು, ದೋಸೆ, ಉಯ್ಯಾಲೆ, ಹೀಗೆ ಒಂದೊಂದು ಚಿತ್ರದ ಕಾರ್ಡು. ಬೇಕಾದ್ದರ ಕಾರ್ಡನ್ನು ಮಗು ಬೋರ್ಡಿನಿಂದ ಕಿತ್ತು ನಮ್ಮ ಕೈಗೆ ಕೊಡಬೇಕು. ಕೊಟ್ಟ ತಕ್ಷಣ ಅವಳು ಕೇಳಿದ್ದು ಸಿಗಬೇಕು. ಇದರಿಂದ ಬಾಯಿಮಾತು ಇನ್ನೂ ದೂರವಾದೀತೆಂದು ನಾನು ಹೆದರಿದೆ. "ಇದೂ ಮಾತೇ ಸರ್. ಬಾಯಿಂದ ಬಂದ್ರೆ ಬರ್ಲಿ. ಅಲ್ಲೀವರ್ಗೂ ಅವಳು ಕಾಯ್ತಾ ಕೂತ್ಕೋಬೇಕಾ?" ಎಂದರು. ಕೆಂಪು ಅಂಗೈ ಬರೆದ ಕಾರ್ಡೊಂದಿತ್ತು. ಅದು 'ಸಾಕು'. "ಬೇಕು ಅನ್ನೋದನ್ನ ಎಲ್ರೂ ಕಲಿಸ್ತಾರೆ. ಸಾಕು ಅನ್ನೋಕೂ ಬರ್ಬೇಕು. ಇಲ್ದಿದ್ರೆ ಪಾಪ, ಕಿರುಚೋದೊಂದೇ ಉಳಿಯೋದು."

ನನಗೆ ವಹಿಸಿದ ಕೆಲಸ ಒಂದೇ. ವಸ್ತುವನ್ನು ತೋರಿಸಿ, ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಕಾಯುವುದು. ನಾನು ಮೂರನ್ನು ದಾಟಿದ್ದಿಲ್ಲ. ಅಷ್ಟರಲ್ಲಿ "ನೀರು ಬೇಕೇನಮ್ಮ ಪುಟ್ಟಿ? ನೀರು ಅನ್ನು, ನೀ... ರು" ಎಂದು ಶುರುವಾಗಿರುತ್ತಿತ್ತು. "ಸರ್, ಮತ್ತೆ ಹೇಳ್ಕೊಟ್ಬುಟ್ರಿ!" ಎಂದು ಫಿಲೋಮಿನಾ ನಗುತ್ತಿದ್ದರು. ಮನೆಯಲ್ಲೂ ಅಷ್ಟೆ. ಅವಳಿಗೆ ಬಾಯಾರುವ ಮೊದಲೇ ಲೋಟ ಹಿಡಿದು ನಿಂತಿರುತ್ತಿದ್ದೆ. ಅವಳು ಏನನ್ನೂ ಕೇಳಬೇಕಾಗದಂತೆ ನೋಡಿಕೊಳ್ಳುವುದೇ ಪ್ರೀತಿ ಎಂದುಕೊಂಡಿದ್ದೆ. ನಾನು ನಿವೃತ್ತನಾಗಿದ್ದೆ, ನನ್ನೊಳಗಿನ ಪರದೆಯ ಪಕ್ಕದ ಮೇಷ್ಟ್ರು ಇನ್ನೂ ನಿವೃತ್ತನಾಗಿರಲಿಲ್ಲ.

ಸಂಜೆ ಬ್ಯಾಂಕಿನಿಂದ ಬಂದ ಲತಾ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ಏನಾದ್ರೂ ಹೇಳಿದ್ಲಾ ಅಪ್ಪ?" ಇಲ್ಲ ಎನ್ನುವ ಒಂದು ಪದಕ್ಕೆ ನಾನು ಹತ್ತು ವಾಕ್ಯ ಸುತ್ತುತ್ತಿದ್ದೆ.

ಕಳೆದ ತಿಂಗಳ ಒಂದು ಬೆಳಗ್ಗೆ ಮನೆಯಲ್ಲಿ ನಾವಿಬ್ಬರೇ. ಇಂಚರ ನೆಲದ ಮೇಲೆ ಬಟ್ಟೆ ಕ್ಲಿಪ್ಪುಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. "ಇದು ಕೆಂಪು. ಇದು ಹಸಿರು. ಎಲ್ಲಿ, ತಾತ ಅನ್ನು. ನನ್ನ ಬಾಯಿ ನೋಡು, ತಾ... ತ." ಅವಳು ಕಿವಿ ಮುಚ್ಚಿಕೊಂಡಳು. ಅದರ ಹಿಂದೆಯೇ ಕಿರುಚಾಟ ಬರುತ್ತದೆಂದು ನನಗೆ ಗೊತ್ತು. ಗೊತ್ತಿದ್ದೂ ನಿಲ್ಲಿಸಲಿಲ್ಲ.

ಅವಳು ಕಿರುಚಲಿಲ್ಲ. ಎದ್ದು, ಫಿಲೋಮಿನಾ ಮನೆಗೆಂದು ಕೊಟ್ಟಿದ್ದ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕಾರ್ಡುಗಳ ಮುಂದೆ ನಿಂತಳು. ಒಂದನ್ನು ಕಿತ್ತು ತಂದು ನನ್ನ ಕೈಯಲ್ಲಿಟ್ಟಳು. ನೀರಿರಬೇಕೆಂದು ಆಗಲೇ ಅರ್ಧ ಎದ್ದಿದ್ದೆ. ನೋಡಿದರೆ ಕೆಂಪು ಅಂಗೈ. "ಏನು ಸಾಕಮ್ಮ? ಆಟ ಸಾಕಾ?" ಎಂದೆ. ಅವಳು ಕಾರ್ಡನ್ನು ಇನ್ನೊಂದು ಸಲ ನನ್ನ ಕೈಗೆ ಒತ್ತಿ, ತನ್ನ ಪುಟ್ಟ ಅಂಗೈಯನ್ನು ನನ್ನ ತುಟಿಯ ಮೇಲಿಟ್ಟಳು.

ಕೊಟ್ಟ ತಕ್ಷಣ ಸಿಗಬೇಕು ಎಂಬುದಲ್ಲವೇ ನಿಯಮ? ಬಾಯಿ ಮುಚ್ಚಿದೆ. ಹತ್ತು ಎಣಿಸಿದೆ, ಇಪ್ಪತ್ತು, ಐವತ್ತು. ಅವಳು ಕ್ಲಿಪ್ಪುಗಳ ಹತ್ತಿರ ಹೋಗಿ, ಸಾಲು ಮುಗಿಸಿ, ಬೆನ್ನನ್ನು ನನ್ನ ಮೊಣಕಾಲಿಗೆ ಒರಗಿಸಿ ಕೂತಳು. ಹಾಗೆ ತಾನಾಗಿ ಅವಳು ಎಂದೂ ಕೂತಿರಲಿಲ್ಲ. ನನಗೆ ಅಳು ಬಂತು. ಅದನ್ನೂ ಸದ್ದು ಮಾಡದೆ ಅತ್ತೆ. 'ತಾತ' ಎಂದು ಕೇಳುವ ಆಸೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ನನ್ನನ್ನೇ ಹುಡುಕಿಕೊಂಡು ಬಂದು, ನನಗೇ ಹೇಳಿದ ಮಾತೊಂದು ಈಗ ನನ್ನ ಬಳಿ ಇದೆ.

ಸಂಜೆ ಲತಾ ಎಂದಿನಂತೆ ಕೇಳಿದಳು. "ಹೇಳಿದ್ಲು" ಎಂದೆ. ಅವಳ ಕೈಯಿಂದ ಬ್ಯಾಗು ಜಾರಿತು.

"ಏನಂದ್ಲಪ್ಪ?"

"ಸಾಕು ಅಂದ್ಲು. ನಂಗೆ."

ಕೆಂಪು ಅಂಗೈಯ ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಅದನ್ನು ಎದೆಗೊತ್ತಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಅಯ್ಯೋ ಅಪ್ಪ, ಆ ಮಾತನ್ನ ಚಿಕ್ಕೋಳಿದ್ದಾಗಿಂದ ನಿಮ್ಗೆ ಹೇಳ್ಬೇಕು ಅಂತ ಇದ್ದೆ."

"ಹೇಳ್ಬೋದಿತ್ತಲ್ಲಮ್ಮ."

"ನೀವು ಬಿಟ್ಟಿದ್ರೆ ತಾನೇ?"

ಇದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಹತ್ತರವರೆಗೆ ಎಣಿಸಿದೆ.