ಬಿಡದೆ ಹಿಡಿದ ಗಂಟು

ಸೌಮ್ಯಾ, ನಿನಗೆ ಈಜು ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಆ ಬೇಸಿಗೆ ರಜೆಯಲ್ಲಿ ನಮ್ಮ ಕೆರೆಯನ್ನು ನೀನು ಈ ದಡದಿಂದ ಆ ದಡಕ್ಕೆ ದಾಟಿದ್ದು ನಿನ್ನ ಕೈಕಾಲಿನ ಬಲದಿಂದ ಅಲ್ಲ — ನಾನು ನೀರಿನೊಳಗೆ ನಿನ್ನನ್ನು ಎಳೆದುಕೊಂಡು ಹೋಗಿದ್ದೆ. ದಡ ಮುಟ್ಟಿದ ಮೇಲೆ ಎಲ್ಲರ ಎದುರು ಸುಳ್ಳು ಹೇಳಿದೆ. ಆ ಸುಳ್ಳನ್ನು ನೀನು ಇವತ್ತಿನವರೆಗೂ ನಂಬಿಕೊಂಡಿದ್ದೀಯ. ನಾಳೆ ಬೆಳಿಗ್ಗೆ ಅದೇ ನಂಬಿಕೆಯಲ್ಲಿ ನಿನ್ನ ಮಗಳನ್ನು ಕರೆದುಕೊಂಡು ಅದೇ ಕೆರೆಗೆ ಇಳಿಯಲು ಹೊರಟಿದ್ದೀಯ.

ಬಾಯಲ್ಲಿ ಹೇಳಿದರೆ ನಗುತ್ತೀಯ. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನೇ ಯೋಚಿಸುತ್ತಾ ಬಿ.ಸಿ.ರೋಡಿನ ನನ್ನ ಹೊಲಿಗೆ ಅಂಗಡಿಯಲ್ಲಿ ಈ ವಾರ ಎರಡು ರವಿಕೆ ಹಾಳು ಮಾಡಿದ್ದೇನೆ.

ನೀನು ಆಗ ಐದನೆಯ ತರಗತಿ ಮುಗಿಸಿದ ಹುಡುಗಿ, ನಾನು ಹತ್ತನೆಯ ಪರೀಕ್ಷೆ ಬರೆದು ಮನೆಯಲ್ಲಿದ್ದವಳು. ನಿನ್ನ ಅಪ್ಪನಿಗೆ, ನನ್ನ ಚಿಕ್ಕಪ್ಪನಿಗೆ, ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸ. ನಿನ್ನನ್ನು ರಜೆಗೆಂದು ವಾಮದಪದವಿನ ನಮ್ಮ ಮನೆಗೆ ತಂದು ಬಿಟ್ಟಿದ್ದರು. ನಿನ್ನ ಹರಕುಮುರುಕು ತುಳು ಕೇಳಿ ಎಲ್ಲರೂ ನಗುವುದು, ನೀನು ಮುಖ ಊದಿಸುವುದು — ಕೊನೆಗೆ ಮನೆಯವರೆಲ್ಲ ನಿನ್ನೊಡನೆ ಶಾಲೆಯ ಕನ್ನಡವನ್ನೇ ಮಾತಾಡತೊಡಗಿದ್ದರು. ನನ್ನ ಅಪ್ಪ, ನಿನ್ನ ದೊಡ್ಡಪ್ಪ, ಹೇಗೆಂದು ನಿನಗೆ ಗೊತ್ತು. ರಜೆಯಲ್ಲಿ ಮಕ್ಕಳು ಗೋಡೆಗೆ ಒರಗಿ ಕೂತರೆ ಅವರಿಗೆ ಆಗದು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಹಂಚಿ ಆಗಿರುತ್ತಿತ್ತು. ಗುಡ್ಡದಲ್ಲಿ ಗೇರುಬೀಜ ಹೆಕ್ಕುವುದು, ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳವನ್ನು ಕಾಗೆಯಿಂದ ಕಾಯುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು. ಯಾವುದೂ ಕಷ್ಟದ್ದಲ್ಲ. ಅದರ ಮೇಲೆ, ಶಾಲೆ ಸುರುವಾಗುವಾಗ ಪ್ರತಿಯೊಬ್ಬರೂ ಹೊಸತೊಂದನ್ನು ಕಲಿತಿರಬೇಕು ಎಂಬುದು ಅವರ ಹಟ. ನೀನು ಕಲಿಯಬೇಕಾದದ್ದು ಈಜು. ಕಲಿಸಬೇಕಾದವಳು ನಾನು.

ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ನಿನ್ನ ಎದೆಯ ಕೆಳಗೆ ಕೊಟ್ಟು ನೀರಿಗೆ ಇಳಿಸುತ್ತಿದ್ದೆ. ಕಾಯಿ ಇದ್ದಷ್ಟು ಹೊತ್ತು ನೀನು ಚಂದ ತೇಲುತ್ತಿದ್ದೆ. ಕಾಯಿ ತೆಗೆದರೆ ಕಲ್ಲಿನ ಹಾಗೆ ಕೆಳಗೆ. ಮೂಗಿಗೆ ನೀರು ಹೋಗಿ ಕೆಮ್ಮುತ್ತಾ ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಇನ್ನೊಂದು ಎರಡು ವಾರ ಸಮಾಧಾನದಿಂದ ಕಲಿಸಿದ್ದರೆ ಖಂಡಿತ ಬರುತ್ತಿತ್ತು. ನನಗೆ ಸಮಾಧಾನ ಇರಲಿಲ್ಲ.

ಏಕೆ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮೂಡುಬಿದಿರೆಯಲ್ಲಿ ಬೇಸಿಗೆ ಶಿಬಿರ ಇತ್ತು — ನಾಟಕ, ಮುಖವಾಡ ಮಾಡುವುದು, ಅಲ್ಲೇ ಉಳಿಯುವುದು. ನನ್ನ ಗೆಳತಿಯರೆಲ್ಲ ಹೊರಟಿದ್ದರು. ಸೋಮವಾರ ಸುರು. ಹೋಗಲೇ ಎಂದು ಕೇಳಿದ್ದಕ್ಕೆ ಅಪ್ಪ, ಒಪ್ಪಿಕೊಂಡ ಕೆಲಸವನ್ನು ಮೊದಲು ಮುಗಿಸು, ಸೌಮ್ಯ ಕೆರೆ ದಾಟಿದ ದಿನವೇ ಬಸ್ಸು ಹತ್ತು ಎಂದರು. ಆದಿತ್ಯವಾರ ನಿನ್ನನ್ನು ಕರೆದುಕೊಂಡು ಹೋಗಲು ಚಿಕ್ಕಪ್ಪ ಬರುವವರಿದ್ದರು. ಅವರ ಎದುರೇ ನೀನು ದಾಟಬೇಕು ಎಂದು ಅಪ್ಪ ಠರಾವು ಮಾಡಿಬಿಟ್ಟರು.

ಆ ಬೆಳಿಗ್ಗೆ ನೀನು ಹಳೆಯ ನೀಲಿ ಫ್ರಾಕು ಹಾಕಿದ್ದೆ. ಸೊಂಟಕ್ಕೆ ಕಟ್ಟುವ ಪಟ್ಟಿ ಇದ್ದ ಫ್ರಾಕು. ಪಟ್ಟಿಯ ಗಂಟು ಯಾವಾಗಲೂ ಬೆನ್ನಿಗೆ ಇರುತ್ತಿತ್ತು. ಬಚ್ಚಲಿನ ಪಕ್ಕ ನಿಲ್ಲಿಸಿ, ಗಂಟನ್ನು ನಾನು ಹೊಟ್ಟೆಯ ಕಡೆಗೆ ತಿರುಗಿಸಿ ಇನ್ನೊಮ್ಮೆ ಬಿಗಿದೆ. ಅಂದರೆ — ನೀರಿಗೆ ಇಳಿದ ಮೇಲೆ ಗಾಬರಿಯಲ್ಲಿ ಹೊಳೆದ ಉಪಾಯ ಅಲ್ಲ ಅದು. ಮನೆಯಲ್ಲೇ ಯೋಚಿಸಿ ಮಾಡಿದ್ದು.

ಕೆರೆಯ ನೀರು ಬೇಸಿಗೆಯ ಪಾಚಿಯಿಂದ ಹಸಿರಾಗಿತ್ತು, ಒಂದು ಗೇಣು ಕೆಳಗೆ ಏನೂ ಕಾಣುತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. ನಿನ್ನ ಪಕ್ಕದಲ್ಲೇ ಈಜುತ್ತೇನೆ, ಸುರುವಿಗೆ ಸ್ವಲ್ಪ ಹಿಡಿದುಕೊಳ್ಳುತ್ತೇನೆ, ಹೆದರಬೇಡ ಎಂದೆ. ಎಡಗೈಯಲ್ಲಿ ನೀರಿನಡಿಯಿಂದ ಆ ಗಂಟು ಹಿಡಿದೆ. ನೀನು ಕಣ್ಣು ಮುಚ್ಚಿ ಕೈಕಾಲು ಬಡಿದೆ. ನಡುವಿನಲ್ಲಿ ಆಳ ಎರಡಾಳಿಗಿಂತ ಹೆಚ್ಚು — ಅಲ್ಲಿಗೆ ಬರುವಾಗ ನನ್ನ ಬೆರಳುಗಳು ಜಾರಿದವು. ಒಂದೇ ಕ್ಷಣ. ನಿನ್ನ ಗಲ್ಲ ನೀರಿಗೆ ಇಳಿಯಿತು, ಬಾಯಿ ಇಳಿಯಿತು. ಮತ್ತೆ ಗಂಟು ಸಿಕ್ಕಿತು, ಎತ್ತಿದೆ. ಮೆಟ್ಟಿಲ ಮೇಲಿದ್ದವರಿಗೆ ಅದು ಈಜಿನ ಏರಿಳಿತದಂತೆ ಕಂಡಿರಬೇಕು. ನನಗೆ ಮಾತ್ರ ಗೊತ್ತಾಯಿತು, ಬೆರಳಿಗೆ ಗಂಟು ಸಿಗದಿದ್ದರೆ ಏನಾಗುತ್ತಿತ್ತು ಎಂದು. ಆಚೆ ದಡದ ಕಲ್ಲು ಹಿಡಿದು ನೀನು ಏದುಸಿರಿನಲ್ಲಿ ನನ್ನ ಕಡೆ ತಿರುಗಿದೆ — ಅಕ್ಕ, ನಾನಾ ಈಜಿದ್ದು?

ಮೆಟ್ಟಿಲ ಮೇಲಿದ್ದವರಿಗೂ ಕೇಳುವ ಹಾಗೆ ಹೇಳಿದೆ: "ಅರ್ಧದಲ್ಲೇ ಕೈ ಬಿಟ್ಟಿದ್ದೆ ನಾನು. ಮತ್ತೆಲ್ಲ ನೀನೇ ಈಜಿದ್ದು."

ಸೈಕಲ್ ಕಲಿಸುವವರು ಹೇಳುವ ಮಾತು ಅದು. ಅವರು ನಿಜಕ್ಕೂ ಬಿಟ್ಟಿರುತ್ತಾರೆ.

ಚಿಕ್ಕಪ್ಪ ನಿನ್ನನ್ನು ಎತ್ತಿಕೊಂಡು ಕುಣಿದರು. ಅಪ್ಪ ನನ್ನ ತಲೆ ಸವರಿದರು — ಅವರು ಹಾಗೆಲ್ಲ ಮಾಡುವವರಲ್ಲ. ಸಂಜೆ ನೀನು ದಾವಣಗೆರೆಗೆ, ನಾನು ಮೂಡುಬಿದಿರೆಗೆ. ಶಿಬಿರದಲ್ಲಿ ಹುಲಿಯ ಮುಖವಾಡ ಮಾಡಿದೆ. ಅಂಟು ಒಣಗುವವರೆಗೆ ಸುಮ್ಮನೆ ಕೂರಬೇಕು, ಕೂತರೆ ನಿನ್ನ ಬಾಯಿ ನೀರಿಗೆ ಇಳಿದದ್ದೇ ಕಣ್ಣೆದುರು. ನಿಮ್ಮ ಊರಿನ ಹತ್ತಿರ ಭದ್ರಾ ಕಾಲುವೆ ಉಂಟು ಎಂದು ಯಾರೋ ಹೇಳಿದ ಮೇಲೆ ಊಟ ಸೇರಲಿಲ್ಲ. ಮನೆಗೆ ಬಂದ ಮೇಲೂ ದಾವಣಗೆರೆಯಿಂದ ಫೋನು ಎಂದರೆ ನಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ. ಬೇರೆಯವರು ಮಾತಾಡಿ, ನಕ್ಕು, ಇಟ್ಟ ಸದ್ದು ಕೇಳಿದ ಮೇಲೆಯೇ ಒಳಗೆ ಬರುವುದು. ಊರಿನವರು ತಮ್ಮ ಮಕ್ಕಳಿಗೂ ಕಲಿಸು ಎಂದು ಬಂದರು. ತಲೆನೋವು ಎಂದೆ, ಕಿವಿನೋವು ಎಂದೆ. ಅಷ್ಟೆಲ್ಲ ನೆವ ಹುಡುಕಲು ಬಂತು, ನಿನಗೊಂದು ಮಾತು ಹೇಳಲು ಬರಲಿಲ್ಲ.

ಮರುವರ್ಷ ಚಿಕ್ಕಪ್ಪನಿಗೆ ಇನ್ನೂ ದೂರ ವರ್ಗವಾಯಿತು. ಆಮೇಲೆ ನೀನು ಬರುತ್ತಿದ್ದುದು ಮದುವೆ-ಮುಂಜಿಗೆ ಮಾತ್ರ, ಸೀರೆ ಉಟ್ಟು, ಸಂಜೆಗೆ ಹೊರಡುವ ಗಡಿಬಿಡಿಯಲ್ಲಿ. ಬೆಳ್ತಂಗಡಿಗೆ ಮದುವೆಯಾಗಿ, ಅಲ್ಲೇ ಟೀಚರ್ ಆದೆ. ವಿಷಯ ತಾನಾಗಿ ಮುಚ್ಚಿಹೋಯಿತು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಮೂಡುಬಿದಿರೆಯಲ್ಲಿ ಒಂದು ಮದುವೆ ಊಟದಲ್ಲಿ ನೀನು ನನ್ನ ಪಕ್ಕದಲ್ಲಿ ಕೂತಿದ್ದೆ, ನೆನಪುಂಟಾ? ಶಾಲೆಯಿಂದ ಮಕ್ಕಳನ್ನು ಹೊಳೆಬದಿಗೆ ಕರೆದುಕೊಂಡು ಹೋದ ಕಥೆ ಹೇಳಿದೆ. ಯಾರಿಗೆ ಈಜು ಬರುತ್ತದೆ ಎಂದು ಹೆಡ್‌ಮಾಸ್ಟರು ಕೇಳಿದರಂತೆ. ನೀನು ಕೈ ಎತ್ತಿದೆಯಂತೆ. ಮಕ್ಕಳೆಲ್ಲ ನೀರಲ್ಲಿ ಆಡುವಷ್ಟು ಹೊತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದದ ನೀರಿನಲ್ಲಿ ನೀನೇ ಕಾವಲು. "ಅಕ್ಕ ಕಲಿಸಿದ ವಿದ್ಯೆ, ಕೆಲಸಕ್ಕೆ ಬಂತು ನೋಡಿ" ಎಂದು ಪಂಕ್ತಿಯವರಿಗೆಲ್ಲ ನನ್ನನ್ನು ತೋರಿಸಿದೆ. ಯಾವ ಮಗುವಿಗೂ ಏನೂ ಆಗಿರಲಿಲ್ಲ. ಆಗಿದ್ದರೆ — ನೀನು ಹಿಂದೆ ಮುಂದೆ ನೋಡದೆ ಹಾರುತ್ತಿದ್ದೆ. ನೀನು ಹಾಗೆಯೇ. ಅಷ್ಟು ತಿಳಿದೂ ನಾನು ಬಾಳೆಎಲೆ ಮಡಚಿ, ಕೈ ತೊಳೆದು, ಪಾಯಸ ಒಳ್ಳೆಯದಿತ್ತು ಎಂದು ಹೇಳಿ ಬಂದೆ. ಕೆರೆಯ ದಿನ ನಾನು ಚಿಕ್ಕವಳು ಎನ್ನಬಹುದು. ಅವತ್ತು ನಾನು ಎರಡು ಮಕ್ಕಳ ತಾಯಿ.

ಈ ಎಪ್ರಿಲಿನಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ನೀನು ಹಾಕಿದ ಸಂದೇಶ ಎಲ್ಲರಿಗೂ ಇಷ್ಟವಾಯಿತು. ರಜೆಯಲ್ಲಿ ಮಕ್ಕಳ ಕೈಯಿಂದ ಮೊಬೈಲು ಬಿಡಿಸಲು ಸುಲಭದ ದಾರಿಗಳು — ತರಕಾರಿ ಗಿಡ ನೆಡಿಸಿ, ಅಡುಗೆಗೆ ಸೇರಿಸಿಕೊಳ್ಳಿ, ಅಜ್ಜಿಯಿಂದ ತುಳು ಕಲಿಸಿ. ಕೊನೆಗೆ, ಮಗಳು ಧೃತಿಗೆ ಈ ಸಲ ದೊಡ್ಡಪ್ಪನ ಕೆರೆಯಲ್ಲಿ ಈಜು, ನಾನೇ ಕಲಿಸುವವಳು. ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದರು. ಅಪ್ಪನೂ ಒತ್ತಿದರು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು ನಿನಗೆ ಫೋನು ಮಾಡಿದೆ.

"ಸೌಮ್ಯಾ, ನಾನು ಅವತ್ತು ಬಿಡಲೇ ಇಲ್ಲ. ಕೊನೆವರೆಗೂ ಹಿಡ್ಕೊಂಡಿದ್ದೆ. ನಿನಗೆ ಈಜು ಬರುವುದಿಲ್ಲ."

ನೀನು ನಕ್ಕೆ. "ಹೋಗಕ್ಕ. ನೀನು ಬಿಟ್ಟದ್ದು ನನಗೆ ಗೊತ್ತಾಗಿತ್ತು. ನಡುವಿನಲ್ಲಿ ಒಮ್ಮೆ ಕೆಳಗೆ ಹೋದೆ, ಮತ್ತೆ ನಾನೇ ಮೇಲೆ ಬಂದೆ. ಅದು ಮರೆಯುತ್ತದಾ?"

ಆ ಒಂದು ಕ್ಷಣ. ನನ್ನ ಬೆರಳು ಜಾರಿದ ಕ್ಷಣ. ನಾನು ಇಷ್ಟು ವರ್ಷ ನಿದ್ದೆ ಕೆಡಿಸಿಕೊಂಡದ್ದೂ ಅದನ್ನೇ ನೆನೆದು, ನೀನು ಇಷ್ಟು ವರ್ಷ ಧೈರ್ಯ ತಂದುಕೊಂಡದ್ದೂ ಅದನ್ನೇ ನೆನೆದು. ಫೋನು ಇಟ್ಟ ಮೇಲೆ ನನಗೆ ಆದ ಹೆದರಿಕೆ ಬೇರೆಯೇ. ಅಲ್ಲಿಯವರೆಗೆ, ನಿಜ ಹೇಳಿದರೆ ಸಾಕು ಎಂದುಕೊಂಡಿದ್ದೆ.

ನಿನ್ನೆ ನೀನು ಅಪ್ಪನ ಮನೆಗೆ ಬಂದಿಳಿದೆ; ಅಂಗಡಿ ಮುಚ್ಚಿ ನಾನೂ ಬಂದೆ. ಧೃತಿ ಆಗಲೇ ಚಾಪೆಯ ಮೇಲೆ ಮಲಗಿ ಕೈಕಾಲು ಬಡಿಯುತ್ತಿದ್ದಾಳೆ. ಅಮ್ಮನಿಗೆ ಗೊತ್ತುಂಟು, ಅಮ್ಮ ಹಿಡಿಯುತ್ತಾಳೆ ಎಂದು ಕಂಡವರಿಗೆಲ್ಲ ಹೇಳುತ್ತಾಳೆ. ನಿನ್ನ ಮಾತನ್ನು ಅವಳು ನಂಬುವುದು, ಆಗ ನೀನು ನನ್ನ ಮಾತನ್ನು ನಂಬಿದ ಹಾಗೆಯೇ. ಇವತ್ತು ಮಧ್ಯಾಹ್ನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. "ಎಲ್ಲರ ಎದುರು ಹೇಳಿದ ಸುಳ್ಳು. ಎಲ್ಲರ ಎದುರೇ ತೆಗೆ" ಎಂದರು.

ಪಂಪು ಹಾಕಿ ಕೆರೆ ಖಾಲಿ ಮಾಡಿಸುವ ಎಂದೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಅದು ಇನ್ನೊಂದು ನೆವ. ಇನ್ನೊಂದು ರಜೆಗೆ, ಇನ್ನೊಂದು ಹೊಳೆಗೆ ನೀನು ಇಳಿಯುತ್ತೀಯ.

ನಾಳೆ ಮೊದಲು ನಾನು ಇಳಿಯುತ್ತೇನೆ. ಮೆಟ್ಟಿಲ ಪಕ್ಕ, ಎದೆಮಟ್ಟದ ನೀರಿನಲ್ಲಿ ನಿಲ್ಲುತ್ತೇನೆ. ಧೃತಿಯನ್ನು ಅಪ್ಪನ ಕೈಯಲ್ಲಿ ಕೊಟ್ಟು ನೀನೊಬ್ಬಳೇ ಬಾ. ನಿನ್ನ ಹೊಟ್ಟೆಯ ಕೆಳಗೆ ಕೈ ಕೊಡುತ್ತೇನೆ, ನೀನು ಕೈಕಾಲು ಬಡಿ. ಆಮೇಲೆ ಬಿಡುತ್ತೇನೆ — ಬಿಡುತ್ತೇನೆ ಎಂದು ಗಟ್ಟಿಯಾಗಿ ಹೇಳಿಯೇ ಬಿಡುತ್ತೇನೆ. ಕಾಲಿಗೆ ನೆಲ ಸಿಗುತ್ತದೆ, ಪ್ರಾಣಕ್ಕೆ ಹೆದರಬೇಡ. ಆದರೆ ನೀನು ಮುಳುಗುತ್ತೀಯ, ಸೌಮ್ಯಾ. ನಿನ್ನ ಮಗಳ ಎದುರು ಮುಳುಗುತ್ತೀಯ. ಮೇಲೆದ್ದು, ಕಣ್ಣಿನ ನೀರು ಒರೆಸಿಕೊಂಡು, ನನ್ನ ಮುಖ ನೋಡುತ್ತೀಯ.

ಆಗ ನಾನು ಮುಖ ತಿರುಗಿಸುವುದಿಲ್ಲ.