ಅವ್ವನ ಪಾತ್ರ ಕಟ್ಟಿದ ಮಗ

ನಾನು ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಉರಿಗಾಂ ಹತ್ತಿರದ ಹಟ್ಟಿಗೆ ಬಂದಾಗ, ಆ ಹಟ್ಟಿ ಮೊದಲು ಬೇರೆ ಕಡೆ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆ ಮಾವನವರ ಕಡೆಯವರು ಚಿನ್ನದ ಗಣಿ ಬರುವುದಕ್ಕೂ ಎಷ್ಟೋ ಮೊದಲಿನಿಂದ ಎರಡು ಗುಡ್ಡಗಳ ನಡುವೆ ಇದ್ದ ಜನ. ಗೆಡ್ಡೆ ಅಗೆಯುವುದು, ಜೇನು ಬಿಡಿಸುವುದು, ಹಂಚಿಹುಲ್ಲಿನ ಪೊರಕೆ ಕಟ್ಟಿ ಮಾರುವುದು ಅವರ ಬದುಕಾಗಿತ್ತು. ಆಮೇಲೆ ಗಣಿಯ ಮಣ್ಣು ಸುರಿಯಲು ಆ ಜಾಗ ಬೇಕಾಯಿತು. ಹಟ್ಟಿಯವರನ್ನೆಲ್ಲ ಎಬ್ಬಿಸಿ ಕೆರೆಯ ಈಚೆಗೆ ಕಳಿಸಿದರು. ಆಗ ಅತ್ತೆ ಹೊಸ ಮದುವಣಗಿತ್ತಿ. ನಮ್ಮ ಯಜಮಾನರು ಹುಟ್ಟಿದ್ದು ಈಚೆಗೆ ಬಂದಮೇಲೆ. ಬೆಳೆದು ಕೆಲಸಕ್ಕೆ ಸೇರಿದ್ದು ಅಲ್ಲಿಯದೇ ನಂದಿದುರ್ಗ ಎಂಬ ಹೆಸರಿನ ಗಣಿಗೆ.

ಹಟ್ಟಿಯಲ್ಲಿ ವರ್ಷಕ್ಕೊಮ್ಮೆ ರಾಗಿ ಕಣ ಮುಗಿದ ಮೇಲೆ ಕೇಳಿಕೆ ಆಡುತ್ತಿದ್ದರು. ಗಂಡಸರೇ ಹೆಣ್ಣು ವೇಷವನ್ನೂ ಹಾಕಿ, ಪುರಾಣದ ಕತೆಯನ್ನು ಹಾಡಿ ಕುಣಿದು ಆಡುವ ಬಯಲಾಟ ಅದು. ಅರವತ್ತರ ದಶಕದ ಶುರುವಿನಲ್ಲಿ ಹಳೇ ಹಟ್ಟಿಯನ್ನು ಕಂಡಿದ್ದ ಮುದುಕರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಇನ್ನು ಆ ಊರಿನ ಸಂಗತಿ ಹೇಳಲು ಉಳಿದವರೇ ಕಡಿಮೆ. ಈ ಸಲ ಪಾಂಡವರ ವನವಾಸ ಬೇಡ, ನಮ್ಮವರ ವನವಾಸವನ್ನೇ ಆಡೋಣ ಎಂದು ನಮ್ಮ ಯಜಮಾನರೂ ಅವರ ಜೊತೆಗಾರರೂ ಹಠ ಹಿಡಿದರು. ಕೇಳಿಕೆ ಕಲಿಸುವ ಮೇಷ್ಟ್ರು ಎರಡು ದಿನ ಗೊಣಗಿ, ಮೂರನೆಯ ದಿನ ಪದ ಕಟ್ಟಲು ಕೂತರು. ಅದರಲ್ಲಿ ಮನೆ ಬಿಟ್ಟು ಹೊರಡುವ ಅತ್ತೆಯ ಪಾತ್ರ ಅತ್ತೆಯ ಮಗನ ಪಾಲಿಗೇ ಬಂತು.

ತಾಲೀಮು ನಮ್ಮ ಮನೆ ಮುಂದೆ. ಯಜಮಾನರು ನನ್ನ ಸೀರೆ ಸುತ್ತಿಕೊಂಡು, ಎದೆ ಬಡಿದುಕೊಂಡು, ನೆಲಕ್ಕೆ ಬಿದ್ದು ಹೊರಳಿ ಅಳುತ್ತಿದ್ದರು. ಸೀರೆ ಹರಿದೀತೆಂಬ ಯೋಚನೆ ನನಗೆ. ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುಮಾರು ಹೊತ್ತು ನೋಡಿ ಕೇಳಿದರು:

"ಅದ್ಯಾರ್ಲಾ ಅದು, ಅಂಗೆ ವೊರಳಾಡ್ತಿರಾದು?"

"ನೀನೇ ಕಣವ್ವ."

"ನಾನ್ಯಾವಾಗ್ಲಾ ಅಂಗೆ ಅತ್ತಿದ್ದೆ?"

"ಅಳ್ದಿದ್ರೆ ನೋಡೋರ್ಗೆ ಏನು ಗೊತ್ತಾಯ್ತದೆ? ಮತ್ತೆ ನೀನು ಹಳೇ ಹಟ್ಟಿ ಬುಟ್ಟ ದಿನ ಏನು ಮಾಡ್ದೆ, ಯೇಳು."

ಅತ್ತೆ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. "ಎದ್ದೆ. ಮನೆ ಗುಡಿಸ್ದೆ. ಸಗಣಿ ಹಾಕಿ ಸಾರಿಸ್ದೆ. ಆಮ್ಯಾಕೆ ಬಾಗ್ಲು ಎಳ್ಕೊಂಡು ನಿಮ್ಮಪ್ಪನ ಹಿಂದೆ ಬಂದೆ."

"ಮಣ್ಣಾಗೋ ಮನೆ ಯಾಕವ್ವ ಸಾರಿಸ್ದೆ?"

"ಅವತ್ತು ಬೆಳಗ್ಗೆ ಇನ್ನೂ ನಮ್ಮನೇನೇ ಅಲ್ವೇನ್ಲಾ," ಎಂದರು ಅತ್ತೆ.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ಕೇಳಿಕೆಯಲ್ಲಿ ಮನೆ ಸಾರಿಸುವುದನ್ನು ಯಾರು ನೋಡುತ್ತಾರೆ ಎಂದರು. ಯಜಮಾನರು ಮಾತ್ರ ಅಷ್ಟನ್ನೇ ಮಾಡುತ್ತೇನೆ ಎಂದುಬಿಟ್ಟರು. ಆದರೆ ಮಾಡಲು ಬರಬೇಕಲ್ಲ. ಕುಕ್ಕರುಗಾಲಲ್ಲಿ ಕೂತು, ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಕೈ ಆಡಿಸಿದರು. ಅತ್ತೆ ಅವರೆಕಾಯಿ ಪಕ್ಕಕ್ಕಿಟ್ಟು ಇಳಿದು ಬಂದು, ಸೊಂಟ ಬಗ್ಗಿಸಿ, ಅಂಗೈ ಅರ್ಧಚಂದ್ರದ ಹಾಗೆ ಎಳೆಯುತ್ತಾ, ಹಿಂದೆ ಹಿಂದಕ್ಕೆ ಬಾಗಿಲವರೆಗೂ ಸರಿದು ತೋರಿಸಿದರು. ಆಮೇಲೆ ಎಷ್ಟೋ ದಿನ ನಮ್ಮ ಮನೆಯ ನೆಲ ಸಾರಿಸಿದ್ದು ಯಜಮಾನರೇ. ಪಾಳಿ ಮುಗಿಸಿ ಬಂದು, ಮೈಯ ಗಣಿಧೂಳು ತೊಳೆದುಕೊಂಡು, ಸಗಣಿ ಕಲಸುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಬಂದು ಇಣುಕಿ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಆದರೆ ಅಷ್ಟು ದಿನ ಸೊಂಟಕ್ಕೆ ಆರಾಮ ಸಿಕ್ಕಿದ್ದೂ ನಿಜ.

ಮೊದಲ ಆಟ ಉರಿಗಾಂನಲ್ಲಿ, ಗಣಿ ಕೆಲಸದವರ ಮನೆ ಸಾಲುಗಳ ಪಕ್ಕದ ಬಯಲಿನಲ್ಲಿ. ತಮಿಳಿನವರೇ ಹೆಚ್ಚು, ತೆಲುಗಿನವರೂ ಇದ್ದರು. ಯಜಮಾನರು ಪೊರಕೆ ಹಿಡಿದು ಬಂದಾಗ ಶಿಳ್ಳೆ ಬಿತ್ತು. ಅವರು ಗುಡಿಸಿದರು, ಸಾರಿಸಿದರು, ಹಿಂದೆ ಸರಿದು ಇಲ್ಲದ ಬಾಗಿಲನ್ನು ಎಳೆದುಕೊಂಡು ನಿಂತರು. ಅಷ್ಟು ಹೊತ್ತಿಗೆ ಶಿಳ್ಳೆ ನಿಂತಿತ್ತು. ಮದ್ದಲೆಯವನು ಬಾರಿಸುವುದನ್ನೇ ಮರೆತಿದ್ದ. ನನ್ನ ಪಕ್ಕ ಕೂತಿದ್ದ ತಮಿಳು ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು, "ನಾನೂ ನಮ್ಮೂರು ಬಿಡೋವಾಗ ಕೋಲ ಆಕ್ಬಿಟ್ಟು ಬಂದೆ ಮ್ಮಾ," ಎಂದಳು. ಕೋಲವೆಂದರೆ ಅವರ ಕಡೆಯ ರಂಗೋಲಿ. ಅತ್ತೆ ಅವಳ ಕಡೆ ತಿರುಗಿ ಅವಳ ಊರು ಯಾವುದೆಂದು ಕೇಳಿದರು. ಉಳಿದ ಆಟವನ್ನೆಲ್ಲ ಅವರಿಬ್ಬರೂ ಮಾತಿನಲ್ಲೇ ಕಳೆದರು.

ಇದನ್ನು ಕೇಳಿ ಬಂಗಾರಪೇಟೆಯವರೂ ಕರೆಸಿದರು. ಅತ್ತೆಗೆ ಜ್ವರ, ನಾನು ಅವರ ಜೊತೆ ಉಳಿದೆ. ಮರುದಿನ ಬೆಳಗಿನ ರೈಲಿಗೆ ಯಜಮಾನರು ವಾಪಸ್ಸು ಬಂದರು. ಮುಖದ ಬಣ್ಣ ಇನ್ನೂ ಕಿವಿಯ ಹಿಂದೆ ಉಳಿದಿತ್ತು. ಅತ್ತೆಯ ಕಾಲ ಹತ್ತಿರ ಕೂತರು.

"ಅವ್ವ, ನೆನ್ನೆ ಆಟ ಕೆಡಿಸ್ದೆ. ಬಾಗ್ಲು ಎಳಿಯೋವಾಗ ಅಳು ಬಂದ್ಬುಡ್ತು. ವೇಷಕ್ಕೆ ಅತ್ತಿದ್ದಲ್ಲ. ತಡ್ಕಳಕ್ಕಾಗ್ಲಿಲ್ಲ."

ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟರು. "ಕೆಡ್ಲಿಲ್ಲ ಬುಡು. ನಾನೂ ಅತ್ತಿದ್ದೆ."

"ಅಳ್ಳಿಲ್ಲ ಅಂದಿದ್ದೆ?"

"ಮನೇತಾವ ಅಳ್ಳಿಲ್ಲ. ಕೆರೆ ಏರಿ ಮ್ಯಾಲೆ ಬಂದಾಗ ಅತ್ಬುಟ್ಟೆ. ನಿಮ್ಮಪ್ಪ ಆಡು ಹೊಡ್ಕಂಡು ಮುಂದ್ಕೋಗಿತ್ತು. ಯಾರೂ ನೋಡ್ಲಿಲ್ಲ. ನಾನೂ ಯಾರ್ಗೂ ಏಳ್ಲಿಲ್ಲ."

ಮಾವ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಅವರಿಗೂ ಹೇಳಿರಲಿಲ್ಲವಂತೆ. ಯಜಮಾನರು ಅತ್ತೆಯ ಕಾಲು ಒತ್ತುತ್ತಾ ಕೂತರು. ನಾನು ಗಂಜಿ ಕಾಯಿಸಲು ಒಳಗೆ ಹೋದೆ.

ಮುಂದಿನ ವರ್ಷ ಮೇಷ್ಟ್ರು ಯಜಮಾನರಿಂದ ಕೇಳಿ ಕೆರೆ ಏರಿಯ ಅಳುವಿಗೆ ಒಂದು ಪದ ಕಟ್ಟಿದರು. ಆ ಪದ ಮುಗಿಯುವವರೆಗೆ ಯಜಮಾನರು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಮೂರ್ನಾಲ್ಕು ವರ್ಷ ಹಾಗೆ ಆಡಿದರು. ಮೇಷ್ಟ್ರ ಕಣ್ಣು ಮಂಜಾದ ಮೇಲೆ ಹಟ್ಟಿಯವರು ಮತ್ತೆ ಪಾಂಡವರ ಕತೆಗೇ ಹೋದರು. ಅಷ್ಟರಲ್ಲಿ ನಮ್ಮ ಹಟ್ಟಿಯ ಹೆಣ್ಣುಮಕ್ಕಳಿಗೆ ಆ ಪದವನ್ನು ರಾಗಿ ಬೀಸುವಾಗ ಹೇಳಿಕೊಳ್ಳುವುದು ಅಭ್ಯಾಸವಾಗಿತ್ತು. ಅತ್ತೆಯೂ ಹೇಳುತ್ತಿದ್ದರು, ಬೇರೆ ಯಾರದೋ ಕತೆ ಎಂಬಂತೆ.