ಆಡಿ ಮುಗಿಯದ ಚೆಕ್ಕು

ಬ್ಯಾಂಕಿನಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಹಣ ಕಂಡರೆ ಮನುಷ್ಯ ಕೂಡಲೇ ಲೆಕ್ಕ ಕೇಳುತ್ತಾನೆ. ಹೆಚ್ಚು ಕಂಡರೆ ದೇವರು ಕಣ್ಣು ಬಿಟ್ಟ ಎನ್ನುತ್ತಾನೆ. ಪ್ಯಾರೀಸ್ ಕಾರ್ನರಿನ ಸಗಟು ಕಾಗದದಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ ಮೇಲೆ ನಾನು ಕಂಡುಕೊಂಡ ಮೊದಲ ಸತ್ಯ ಇದು.

ನಮ್ಮ ಪುಸ್ತಕದ ಬಾಕಿಯನ್ನೂ ಬ್ಯಾಂಕು ತೋರಿಸುವ ಬಾಕಿಯನ್ನೂ ಎದುರುಬದುರು ಕೂರಿಸಿ ವ್ಯತ್ಯಾಸಕ್ಕೆ ಕಾರಣ ಹುಡುಕುವುದಕ್ಕೆ ಎಲ್ಲರೂ ರಿಕನ್ಸಿಲಿಯೇಷನ್ ಎನ್ನುತ್ತಾರೆ; ಕನ್ನಡದಲ್ಲಿ ಸಮನ್ವಯ. ವೇದಾಂತಿಗಳಿಗೂ ಪ್ರಿಯವಾದ ಪದ. ವಿರುದ್ಧವೆಂದು ತೋರುವ ವಾಕ್ಯಗಳು ಹೇಳುವುದು ಒಂದನ್ನೇ ಎಂದು ತೋರಿಸುವುದು ಅವರ ಸಮನ್ವಯ. ನನ್ನದೂ ಅಷ್ಟೆ, ಉಪನಿಷತ್ತಿನ ಜಾಗದಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟು. ಕಾಲೇಜಿನಲ್ಲಿ ಯಾವುದನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂದು ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆದಿದ್ದೆ. ಏಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಕೇಳಿದವರು ನಮ್ಮ ಮಾಲೀಕರು. ಅಜ್ಜನ ಕಾಲದಲ್ಲಿ ತುಮಕೂರಿನಿಂದ ಈ ತಮಿಳು ಊರಿಗೆ ಬಂದ ಮನೆತನ; ಮಾತಿನಲ್ಲಿ ಅರ್ಧ ತಮಿಳು. ಶ್ರಾವಣದ ಒಂದು ಶುಕ್ರವಾರ ಅವರು ಫೋನಿನಲ್ಲಿ ಬ್ಯಾಂಕಿನ ಬಾಕಿ ನೋಡಿ, ಸಂಜೆ ಹೊಸ ವ್ಯಾನಿಗೆ ಮುಂಗಡ ಕೊಡುವುದೆಂದು ನಿಶ್ಚಯಿಸಿದರು. ನನ್ನ ಪುಸ್ತಕದಲ್ಲಿ ಅಷ್ಟು ಹಣ ಇರಲಿಲ್ಲ. ಹೆಚ್ಚಿಗೆ ಕಾಣುವುದು ನಮ್ಮದಲ್ಲ ಎಂದೆ.

“ಏನಮ್ಮಾ, ಬ್ಯಾಂಕ್ ಕಂಪ್ಯೂಟರು ಪೊಯ್ ಹೇಳುತ್ತಾ? ನಿನ್ನ ಪೆನ್ಸಿಲ್ ಒಂದೇ ಅರಿಚ್ಚಂದ್ರನಾ?”

ಸಂಜೆಯೊಳಗೆ ತೋರಿಸು, ಇಲ್ಲದಿದ್ದರೆ ಕೊಟ್ಟೇಬಿಡುತ್ತೇನೆ ಎಂದರು. ಕೊಟ್ಟ ಮೇಲೆ ನಮ್ಮ ಚೆಕ್ಕೊಂದು ಹಣವಿಲ್ಲದೆ ವಾಪಸಾದರೆ, ಅಜ್ಜನ ಕಾಲದಿಂದ ಉಳಿಸಿಕೊಂಡ ಮಾತು ಆ ಬೀದಿಯಲ್ಲಿ ಒಂದೇ ದಿನಕ್ಕೆ ಹಗುರಾಗುತ್ತಿತ್ತು.

ಎರಡೂ ಕಡೆಯ ಸಾಲುಗಳಿಗೆ ಟಿಕ್ ಹಾಕುತ್ತ ಬಂದೆ. ಜೊತೆ ಸಿಗದೆ ಉಳಿದದ್ದು ಒಂದೇ: ಕ್ರೋಂಪೇಟೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಹೊಸಬರಿಗೆ ಕೊಟ್ಟ ಮೊದಲ ಚೆಕ್ಕು. ಬರೆದ ದಿನವೇ ನಾವು ಅದನ್ನು ಪುಸ್ತಕದ ಬಾಕಿಯಿಂದ ಕಳೆದಿದ್ದೆವು. ಬ್ಯಾಂಕು ಕಳೆಯುವುದು ಚೆಕ್ಕು ತನ್ನ ಬಾಗಿಲಿಗೆ ಬಂದಾಗ. ಬಾಯಿಪಾಠದ ಅರ್ಥ ಆಗ ಹೊಳೆಯಿತು.

ಮಾಲೀಕರು ಒಪ್ಪಲಿಲ್ಲ. ಆಷಾಢ ಕಳೆಯಲಿ ಎಂದು ಪೆಟ್ಟಿಗೆಯವರು ಚೆಕ್ಕು ಹಾಕದೆ ಕಾದಿದ್ದರೂ, ಈಗ ಶ್ರಾವಣವೇ ಬಂದಿದೆ, ಚೆಕ್ಕು ಎಂದೋ ಹೋಗಿರುತ್ತದೆ ಎಂದರು. ಯಾರಿಗೇ ಫೋನ್ ಮಾಡುವ ಮೊದಲೂ ಮನಸ್ಸಿನಲ್ಲಿ ತಾಲೀಮು ನಡೆಸುವ ನಾನು, ತಾಲೀಮಿಲ್ಲದೆ ಕ್ರೋಂಪೇಟೆಗೆ ಫೋನ್ ಮಾಡಿದೆ. ಆ ಮನೆಯ ಹೆಂಗಸು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು: ಚೆಕ್ಕು ದೇವರ ಮನೆಯಲ್ಲಿ ಮುರುಗನ ಮುಂದಿದೆ, ಹೊಸ ಗಿರಾಕಿಯ ಮೊದಲ ಹಣ, ಆಡಿ ತಿಂಗಳು ಮುಗಿಯದೆ ಬ್ಯಾಂಕಿಗೆ ಹಾಕುವುದು ಹೇಗೆ?

“ಶ್ರಾವಣ ಬಂದಿರೋದು ನಮಗೆ ಸಾರ್,” ಎಂದೆ. “ಅವರಿಗೆ ಇನ್ನೂ ಆಡಿ.”

ನಮ್ಮ ಆಷಾಢ ಚಂದ್ರನನ್ನು ನೋಡಿ ಮುಗಿಯುತ್ತದೆ, ತಮಿಳರ ಆಡಿ ಸೂರ್ಯನನ್ನು ನೋಡಿ. ಎರಡು ಕ್ಯಾಲೆಂಡರುಗಳ ಕೆಳಗೇ ಕೂತು ವ್ಯಾಪಾರ ಮಾಡುವ ಮಾಲೀಕರು ಗೋಡೆಯತ್ತ ಒಮ್ಮೆ ನೋಡಿದರು. ಆಮೇಲೆ ವ್ಯಾನಿನವರಿಗೆ ಫೋನ್ ಮಾಡಿ ಮುಂದಿನ ತಿಂಗಳು ಬನ್ನಿ ಎಂದರು.

“ಇನ್ಮೇಲೆ ಮೊದಲು ನೀನು ಟಿಕ್ ಹಾಕಮ್ಮಾ. ಅಪ್ಪುರಂ ನಾನು ಫೋನ್ ನೋಡ್ಕೋತೀನಿ.”

ನಾನು ತಲೆಯಾಡಿಸಿದೆ. ನನ್ನ ವಿಜಯೋತ್ಸವಗಳು ಸಾಮಾನ್ಯವಾಗಿ ಅಷ್ಟರಲ್ಲೇ ಮುಗಿಯುತ್ತವೆ. ಆದರೆ ಆ ಸಂಜೆ, ವ್ಯತ್ಯಾಸ ಎಂಬ ಮಾತಿನ ಮುಂದೆ ಸೊನ್ನೆ ಬರೆಯುವಾಗ, ಅದನ್ನು ಕೊಂಚ ದೊಡ್ಡದಾಗಿಯೇ, ದುಂಡಗೆ ಬರೆದೆ. ಕೊನೆಗೆ ಏನೂ ಉಳಿಯಲಿಲ್ಲವೆಂದು ಇಷ್ಟು ಹಿಗ್ಗುವವರು ವೇದಾಂತಿಗಳನ್ನು ಬಿಟ್ಟರೆ ನಾವು ಲೆಕ್ಕದವರೇ ಇರಬೇಕು.